ಮೂರನೇ ಬೆಂಚಿನ ಪ್ಯಾರಿಸ್

ಸಿಡ್ನಿಯ ಟೂಂಗಾಬಿಯಲ್ಲಿ ಇರುವುದು ಒಬ್ಬರೇ ತನಿಯಪ್ಪ. ಆದರೂ ಜನ ಅವರನ್ನು ಕರೆಯುತ್ತಿದ್ದದ್ದು ‘ಪ್ಯಾರಿಸ್ ತನಿಯಪ್ಪ’ ಎಂದು. ಒಂದೇ ಹೆಸರಿನವರು ಇಬ್ಬರಿದ್ದರೆ ಗುರುತಿಗೆ ಊರು ಹಚ್ಚುವುದು ಪದ್ಧತಿ. ಒಬ್ಬರೇ ಇದ್ದಾಗಲೂ ಹಚ್ಚಿದರೆ ಅದು ಬಿರುದು. ಅವರ ನಿಜವಾದ ಊರು ಉಡುಪಿ ಕಡೆಯ ಮಟ್ಟು. ಸಮುದ್ರದ ಬದಿಯ ಮರಳುಮಣ್ಣಿನಲ್ಲಿ ಗುಳ್ಳ ಬದನೆ ಬೆಳೆಯುವ ಮನೆತನ. ಜನ ‘ಮಟ್ಟು ತನಿಯಪ್ಪ’ ಎಂದು ಕರೆದು ಸುಮ್ಮನಿದ್ದಿದ್ದರೆ ಈ ಕಥೆ ಹೇಳುವ ಪ್ರಸಂಗವೇ ಬರುತ್ತಿರಲಿಲ್ಲ.

ಅವರ ಉದ್ಯೋಗ ಲಿಫ್ಟ್ ರಿಪೇರಿ. ಆ ವಿದ್ಯೆ ಕಲಿಯಲು ಇಪ್ಪತ್ತಮೂರು ವರ್ಷದ ಹಿಂದೆ ಜರ್ಮನಿಯ ಒಂದು ಸಣ್ಣ ಊರಿನಲ್ಲಿ ವರ್ಷವಿಡೀ ಇದ್ದರು. ಆಗ ಅವರೂ ಸೇರಿದಂತೆ ಕನ್ನಡದ ವಿದ್ಯಾರ್ಥಿಗಳು ಎಂಟು ಮಂದಿ ಒಂದು ಶನಿವಾರ ಪ್ಯಾರಿಸ್ ನೋಡಲು ಹೋಗಿಬಂದದ್ದು ಸತ್ಯ. ಆಮೇಲಿನದು ಬಿರುದಿಗೆ ಸಂಬಂಧಿಸಿದ್ದು.

ಗಣೇಶನ ಹಬ್ಬಕ್ಕೋ ರಾಜ್ಯೋತ್ಸವಕ್ಕೋ ಜನ ಸೇರಿದಲ್ಲಿ ಯಾರಾದರೂ ಪಾಪ ಗೊತ್ತಿಲ್ಲದೆ, “ಈ ಸಲ ಯುರೋಪ್ ಟೂರ್ ಬುಕ್ ಮಾಡಿದ್ವಿ” ಎಂದರೆ ಸಾಕು, ತನಿಯಪ್ಪನವರು ಪಾಯಸದ ಲೋಟ ಕೆಳಗಿಡುತ್ತಿದ್ದರು. ಲೋಟ ಕೆಳಗಿಟ್ಟರೆ ಅರ್ಧ ತಾಸು ಯಾರೂ ಏಳುವ ಹಾಗಿಲ್ಲ.

“ಟವರಿನ ಲಿಫ್ಟು ಸ್ವಲ್ಪ ಓರೆಯಾಗಿ ಹೋಗ್ತದೆ ಮಾರಾಯ್ರೆ, ಹೆದರಬೇಡಿ. ಟವರಿನ ಕಾಲೇ ಓರೆ ಉಂಟಲ್ಲ, ಲಿಫ್ಟು ಎಂತ ಮಾಡ್ತದೆ ಪಾಪ! ಮೇಲೆ ಹೋಗಿ ಮುಟ್ಟಿದ ಕೂಡಲೆ ಬಲಗಡೆ ಒಂದು ಗಂಟೆ ಉಂಟು.”

“ಗಂಟೆನಾ ಅಂಕಲ್?”

“ಮತ್ತೆ? ಅಷ್ಟು ಎತ್ತರ ಹತ್ತಿದ ಮೇಲೆ ಗಂಟೆ ಹೊಡೆಯದೆ ಇಳಿಯುವುದುಂಟಾ? ಕಂಚಿದ್ದು. ಮೂರು ಸಲ ಹೊಡೆಯಬೇಕು. ನಾವು ಹೊಡೆದದ್ದು ನದಿಯ ಆಚೆ ದಡಕ್ಕೆ ಕೇಳಿತ್ತಂತೆ.”

ಕೇಳುವವರಿಗೆ ಇದು ಸಹಜವಾಗಿಯೇ ಕಾಣುತ್ತಿತ್ತು. ಬೆಟ್ಟ ಹತ್ತಿ ಗಂಟೆ ಹೊಡೆದು ಬೆಳೆದ ಜನ; ಟವರು ಕಟ್ಟಿದವರಿಗೆ ಅಷ್ಟೂ ತಿಳಿಯದೆ ಇದ್ದೀತೆ? ಪಕ್ಕದ ಬೀದಿಯ ಬದರಿನಾಥರು ಬೆಂಗಳೂರಿನವರು, ಐಟಿಯವರು, ಯಾವ ಮಾತನ್ನೂ ಮೂರು ವೆಬ್‌ಸೈಟ್ ನೋಡದೆ ನಂಬದವರು. ಹೋದ ವರ್ಷ ಹೆಂಡತಿ ಅಹಲ್ಯಾ ಜೊತೆ ಪ್ಯಾರಿಸ್‌ಗೆ ಹೋಗಿಬಂದರು. ಎಲ್ಲರೂ ಸುತ್ತುವರಿದು ಕೇಳಿದರು.

“ಗಂಟೆ?”

“ಹೊಡೆದ್ವಲ್ಲ! ಮೂರು ಸಲ. ಕ್ಯೂ ಇತ್ತು, ಆದ್ರೂ ಬಿಡ್ಲಿಲ್ಲ,” ಎಂದರು ಬದರಿನಾಥರು. ಆ ಹೊತ್ತಿಗೆ ಅಹಲ್ಯಾ ಅವರಿಗೆ ತಟ್ಟೆಯಲ್ಲಿದ್ದ ಕೋಸಂಬರಿಯಲ್ಲಿ ಏನೋ ಹುಡುಕಬೇಕಾಗಿ ಬಂತು.

ಗಂಟೆಯ ಮೇಲಿನ ಸಂಶಯ ಅಲ್ಲಿಗೆ ಮುಗಿಯಿತು. ಇದನ್ನು ಕೇಳಿ ಎಲ್ಲರಿಗಿಂತ ಹೆಚ್ಚು ಸಮಾಧಾನಪಟ್ಟವರು ತನಿಯಪ್ಪನವರು. ಏಕೆಂದರೆ ಆ ಗಂಟೆಯನ್ನು ಅವರೂ ನೋಡಿರಲಿಲ್ಲ.

ಇಲ್ಲಿ ನಿಜವನ್ನು ಹೇಳಿಬಿಡುವುದು ಒಳ್ಳೆಯದು. ನಮ್ಮ ಕಡೆ ಟೆಂಪೋ ಮಾಡಿಕೊಂಡು ಹತ್ತು ಜನ ಯಾತ್ರೆ ಹೊರಟರೆ ಒಂಬತ್ತು ಜನ ದರ್ಶನಕ್ಕೆ ಹೋಗುತ್ತಾರೆ, ಒಬ್ಬರು ಸಾಮಾನು ಕಾಯುತ್ತಾರೆ. ಇದನ್ನು ಯಾರೂ ಕಲಿಸಬೇಕಾಗಿಲ್ಲ. ಆ ಎಂಟು ವಿದ್ಯಾರ್ಥಿಗಳು ಪ್ಯಾರಿಸ್ ಎಂಬ ಪ್ಯಾರಿಸ್ಸಿಗೆ ಹೋದದ್ದೂ ಹಾಗೆಯೇ. ಎಂಟು ಚೀಲ, ಒಂದು ಪ್ರೆಶರ್ ಕುಕ್ಕರು, ಕುಕ್ಕರಿನ ತುಂಬ ಚಿತ್ರಾನ್ನ, ಮುಚ್ಚಳ ಕಳಚದಂತೆ ಬಿಗಿದ ತೆಂಗಿನ ನಾರಿನ ಹಗ್ಗ. ಬಸ್‌ಸ್ಟ್ಯಾಂಡಿನಲ್ಲಿ ಲಾಕರುಗಳಿದ್ದವು. ಆದರೆ ಕುಕ್ಕರು ಹಿಡಿಯುವ ಲಾಕರು ಇರಲಿಲ್ಲ. ಇದ್ದಿದ್ದರೂ ಅನ್ನವನ್ನು ಬೀಗ ಹಾಕಿ ಪೆಟ್ಟಿಗೆಯಲ್ಲಿಡಲು ಯಾರಿಗೂ ಮನಸ್ಸು ಬರುತ್ತಿರಲಿಲ್ಲ. ಆದ್ದರಿಂದ ಸರದಿಯ ಮೇಲೆ ಕಾಯುವುದೆಂದು ಒಪ್ಪಂದವಾಯಿತು. ಬೆಳಿಗ್ಗೆ ಏಳರಿಂದ ಹನ್ನೊಂದು ತನಿಯಪ್ಪ. ಹನ್ನೊಂದರಿಂದ ಮೂರು ವಿರುಪಾಕ್ಷ. ಮೂರರಿಂದ ಏಳು ಗುರುದತ್ತ. ಏಳೂ ಕಾಲಿಗೆ ವಾಪಸು ಬಸ್ಸು.

ತನಿಯಪ್ಪ ಬಸ್‌ಸ್ಟ್ಯಾಂಡಿಗೆ ತಾಗಿದ ಪಾರ್ಕಿನ ಮೂರನೇ ಬೆಂಚಿನಲ್ಲಿ ಕೂತರು. ಹನ್ನೊಂದಾಯಿತು. ಮೂರಾಯಿತು. ಏಳಾಯಿತು. ಏಳಕ್ಕೆ ಏಳು ಜನರೂ ಒಟ್ಟಿಗೆ ಓಡಿಬಂದರು. ಬಸ್ಸಿನಲ್ಲಿ ರಾತ್ರಿಯಿಡೀ ಟವರು, ಗಂಟೆ, ಟವರಿನ ಮೇಲೆ ಉಂಡ ಊಟ, ಇವುಗಳ ವರ್ಣನೆ ನಡೆಯಿತು. ವರ್ಣನೆ ಮಾಡುತ್ತಲೇ ಆ ಏಳು ಜನ ಕುಕ್ಕರಿನ ಚಿತ್ರಾನ್ನವನ್ನು ಬೆರಳಿನಿಂದ ಬಳಿದು ಮುಗಿಸಿದರು. ಟವರಿನ ಮೇಲೆ ಹೊಟ್ಟೆ ತುಂಬ ಉಂಡವರಿಗೆ ಇಷ್ಟು ಹಸಿವು ಎಲ್ಲಿಂದ ಬಂತೆಂದು ತನಿಯಪ್ಪನವರಿಗೆ ಆಗ ಹೊಳೆಯಲಿಲ್ಲ. ಅವರು ಸಾಧು.

ಸುಳ್ಳು ಹುಟ್ಟಿದ್ದು ಪ್ಯಾರಿಸ್ಸಿನಲ್ಲಲ್ಲ, ಕಾಪುವಿನಲ್ಲಿ. ಅಲ್ಲಿ ಮದುವೆಗೆ ಹೆಣ್ಣು ಅಕ್ಕುವನ್ನು ನೋಡಲು ಹೋದಾಗ ಹುಡುಗಿಯ ಮಾವ ಕೇಳಿದರು: “ಪ್ಯಾರಿಸ್ ನೋಡಿದ್ದೀರಂತೆ?”

“ಹೋಗಿದ್ದೆ.”

“ಆ ಟವರಿಗೆ ಹತ್ತಿದ್ದೀರಾ?”

ಒಳಬಾಗಿಲಿನ ಹತ್ತಿರ ಬಳೆಯ ಸದ್ದಾಯಿತು. ತನಿಯಪ್ಪ “ಹ್ಞೂಂ” ಅಂದರು. ಒಂದಕ್ಷರ. ಅದರ ಮೇಲೆ ಮದುವೆಯಾಯಿತು, ಸಂಸಾರವಾಯಿತು, ಆಸ್ಟ್ರೇಲಿಯಾದ ಪಿಆರ್ ಆಯಿತು, ಮಗಳು ನಿರೀಕ್ಷಾ ಹುಟ್ಟಿ ಅದೇ ಕಥೆ ಕೇಳಿ ಅನ್ನ ಉಂಡು ಬೆಳೆದಳು. ಇಷ್ಟೆಲ್ಲ ಕಟ್ಟಡ ನಿಂತ ಮೇಲೆ ಅಡಿಪಾಯದ ಕಲ್ಲು ಎಬ್ಬಿಸಲು ಬರುತ್ತದೆಯೇ?

ಹೀಗಿರುವಾಗ ಈ ವರ್ಷ ನಿರೀಕ್ಷಾ ಯೂನಿವರ್ಸಿಟಿಯಿಂದ ಒಂದು ಸೆಮಿಸ್ಟರ್ ಓದಲು ಜರ್ಮನಿಗೆ ಹೋದಳು. ಅಕ್ಕು ಅಟ್ಟದ ಮೇಲಿದ್ದ ಅದೇ ಹಳೆಯ ಕುಕ್ಕರನ್ನು ಇಳಿಸಿ, ರಬ್ಬರು ಬದಲಾಯಿಸಿ ಜೊತೆಗೆ ಕಳಿಸಿದರು. ಮೇ ತಿಂಗಳ ಒಂದು ಸೋಮವಾರ ಮಗಳ ಫೋನು ಬಂತು.

“ಪಪ್ಪ, ಗೆಸ್ ವಾಟ್! ಈ ಸ್ಯಾಟರ್ಡೇ ನಾವು ಎಂಟು ಜನ ಪ್ಯಾರಿಸ್ ಹೋಗ್ತಿದ್ದೇವೆ. ಬಸ್ಸಲ್ಲಿ. ನಿಮ್ಮ ಹಾಗೇ! ನೀವೇ ನಮ್ಮ ಗೈಡ್. ಪ್ಲಾನ್ ಬರೆದು ಕಳಿಸಿ. ನಾನು ಎಲ್ಲರಿಗೂ ಪ್ರಾಮಿಸ್ ಮಾಡಿ ಆಯ್ತು.”

ತನಿಯಪ್ಪನವರು “ಹ್ಞೂಂ” ಅಂದರು. ಇದು ಎರಡನೆಯದು.

ಅಕ್ಕು ಮುಖ ನೋಡಿ, “ಎಂತ, ಬೆವರುವುದು ನೀವು? ಹೊರಗೆ ಚಳಿ ಉಂಟು,” ಎಂದರು.

ಎರಡು ದಿನ ಲೈಬ್ರರಿಯ ಪುಸ್ತಕ ಎದುರಿಗಿಟ್ಟುಕೊಂಡು ತನಿಯಪ್ಪನವರು ನಾಲ್ಕು ಪುಟದ ಪ್ಲಾನು ಬರೆದರು. ಮೂರು ಪುಟ ಪುಸ್ತಕದ್ದು. ಟವರಿನ ಎತ್ತರ, ಕಬ್ಬಿಣದ ತೂಕ, ಕಟ್ಟಿದ ಇಸವಿ. ನಾಲ್ಕನೇ ಪುಟ ಮಾತ್ರ ಅವರಿಗೆ ಗೊತ್ತಿಲ್ಲದೆಯೇ ಕೈಯಿಂದ ತಾನಾಗಿ ಇಳಿಯಿತು: ‘ಬಸ್ಸಿಳಿದ ಕೂಡಲೆ ಎಡಕ್ಕೆ ಪಾರ್ಕು. ಮೂರನೇ ಬೆಂಚಿನಲ್ಲಿ ಕೂರಿ. ಎರಡನೆಯದು ಬೇಡ, ಹಲಗೆ ಸಡಿಲ. ಬೆಂಚಿನ ಹಿಂದೆ ನಲ್ಲಿ ಉಂಟು, ಎಡಕ್ಕೆ ತಿರುಗಿಸಿದರೆ ನೀರು. ಹತ್ತೂವರೆಯ ತನಕ ಬಿಸಿಲು, ಆಮೇಲೆ ಗೋಡೆಯ ನೆರಳು. ಹನ್ನೆರಡಕ್ಕೆ ಪಾರಿವಾಳ ಬರುತ್ತವೆ, ಕುಕ್ಕರಿನ ಮುಚ್ಚಳ ಭದ್ರ.’

ಕಳಿಸಿದ ಮೇಲೆ ಚಿಂತೆ ಹಿಡಿಯಿತು. ಟವರಿನ ಮೇಲೆ ಗಂಟೆ ಸಿಗದಿದ್ದರೆ? ಊರವರು ನಗಲಿ, ಅದನ್ನು ಹೇಗೋ ತಡೆದುಕೊಳ್ಳಬಹುದು. ಆದರೆ ಆ ಹುಡುಗಿ ‘ಪಪ್ಪ ಸುಳ್ಳು ಹೇಳಿದ್ದು’ ಎಂದುಕೊಂಡರೆ? ಇಪ್ಪತ್ತು ವರ್ಷ ಇವರ ಮಾತೊಂದನ್ನೂ ತಿರುಗಿ ಕೇಳಿದವಳಲ್ಲ. ಅವಳ ನಂಬಿಕೆಯ ಎದುರು ಬಿರುದು ಯಾವ ಲೆಕ್ಕ?

ಇನ್ನು ಉಳಿದ ದಾರಿ ಒಂದೇ: ಕಣ್ಣಾರೆ ಕಂಡ ಸಾಕ್ಷಿಗಳನ್ನು ಹಿಡಿಯುವುದು. ವಿರುಪಾಕ್ಷ ಈಗ ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ ಮನೆ ಕಟ್ಟಿಸಿದ್ದ. ಗುರುದತ್ತ ಅದೇ ನಗರದ ಇನ್ನೊಂದು ತುದಿ ಕ್ರಾನ್‌ಬರ್ನ್‌ನಲ್ಲಿದ್ದ. ದೇವರು ಕೊಟ್ಟ ಯೋಗ ಎಂಬಂತೆ ವಿರುಪಾಕ್ಷನ ಗೃಹಪ್ರವೇಶವೂ ಅದೇ ಶನಿವಾರ. ವಿರುಪಾಕ್ಷನ ಕಂಪನಿಯವರೇ ಆದ ಬದರಿನಾಥರಿಗೂ ಕರೆ ಇತ್ತು. ಶುಕ್ರವಾರ ಎರಡು ಸಂಸಾರಗಳೂ ಒಂದೇ ಕಾರಿನಲ್ಲಿ ಹೊರಟವು. ಸಿಡ್ನಿಯಿಂದ ಮೆಲ್ಬರ್ನಿಗೆ ಒಂಬತ್ತು ತಾಸಿನ ದಾರಿ. ಮುಂದೆ ಕೂತ ಇಬ್ಬರು ಪ್ಯಾರಿಸ್ ಯಾತ್ರಿಕರು ಮಾರ್ಟ್‌ಗೇಜ್ ಮಾತಾಡಿದರು, ಕುರಿಗಳ ಮಾತಾಡಿದರು, ರಸ್ತೆಯ ಡಾಂಬರಿನ ಗುಣಮಟ್ಟ ಮಾತಾಡಿದರು. ಒಬ್ಬರಾದರೂ ಗಂಟೆಯ ಸುದ್ದಿ ಎತ್ತಲಿಲ್ಲ.

ಕ್ರೇಗಿಬರ್ನ್‌ನ ಹೊಸ ಮನೆಯಲ್ಲಿ ಹಾಲುಕ್ಕಿಸುವ ಶಾಸ್ತ್ರ ಇಂಡಕ್ಷನ್ ಒಲೆಯ ಮೇಲೆ ನಡೆಯಿತು. ಹಾಲು ಮೇಲೆ ಬರುವಷ್ಟರಲ್ಲಿ ಒಲೆ ತಾನಾಗಿ ಆರುತ್ತಿತ್ತು. ವಿರುಪಾಕ್ಷನ ತಾಯಿ ಚನ್ನಕ್ಕ, ಬ್ಯಾಡಗಿ ಕಡೆಯ ಹಳ್ಳಿಯಿಂದ ಬಂದ ಮುದುಕಿ, ಒಲೆಗೆ ಬೈದರು: “ಏನಾರ ಒಲಿನ ಇದು? ಹಾಲು ಉಕ್ಕೂದು ಕಂಡ್ರ ಹೆದರಿ ಕಣ್ಣು ಮುಚ್ಚತೈತಿ!” ಮೂರನೇ ಬೈಗುಳಕ್ಕೆ ಹಾಲು ಉಕ್ಕಿತು.

ಮಂಗಳಾರತಿ ಆಗುತ್ತಿದ್ದಂತೆ ತನಿಯಪ್ಪನವರು ವಿರುಪಾಕ್ಷನನ್ನು ಗ್ಯಾರೇಜಿಗೆ ಎಳೆದುಕೊಂಡು ಹೋದರು.

“ಮಾರಾಯ, ಸಂಜೆ ಮಗಳ ಫೋನು ಬರ್ತದೆ, ಪ್ಯಾರಿಸ್ಸಿಂದ. ನಾನೂ ನಿಮ್ಮ ಒಟ್ಟಿಗೆ ಮೇಲೆ ಬಂದಿದ್ದೆ ಅಂತ ಒಂದು ಮಾತು ಹೇಳು. ಮತ್ತೆ ಆ ಗಂಟೆ, ಬಲಗಡೆ ಅಂದಿದ್ದಿಯಲ್ಲ, ಹತ್ತುವಾಗ ಬಲಗಡೆಯಾ ಇಳಿಯುವಾಗ ಬಲಗಡೆಯಾ?”

ವಿರುಪಾಕ್ಷನ ಮುಖ ರೇಷ್ಮೆ ಪಂಚೆಗಿಂತ ಬೆಳ್ಳಗಾಯಿತು. “ಬಲಕ್ಕ… ಬಲಕ್ಕ ಇರಬೇಕು ಬಿಡೋ. ಭಟ್ರು ಕರಿಯಾಕತ್ತಾರ, ಬಂದೆ,” ಎಂದು ಹೋದವನು ಮತ್ತೆ ಕೈಗೆ ಸಿಗಲಿಲ್ಲ. ಗುರುದತ್ತನನ್ನು ಕೇಳಿದರೆ, “ಆವತ್ತು ನಾನು ಕನ್ನಡಕ ಹಾಸ್ಟೆಲ್ಲಲ್ಲೇ ಮರೆತು ಬಂದಿದ್ದೆ ಕಣಯ್ಯ. ಗಂಟೆ ಸದ್ದು ಕೇಳಿಸ್ತು, ರೂಪ ಕಾಣಿಸ್ಲಿಲ್ಲ,” ಎಂದ.

ಸಂಜೆ ಆರೂ ಕಾಲು. ಪ್ಯಾರಿಸ್ಸಿನಲ್ಲಿ ಬೆಳಿಗ್ಗೆ ಹತ್ತೂ ಕಾಲು. ನಲವತ್ತು ಜನ ಹೊಸ ಸೋಫಾ, ಹೊಸ ಕಾರ್ಪೆಟ್ಟು, ಮೆಟ್ಟಿಲು ಎಲ್ಲ ಕಡೆ ತುಂಬಿಕೊಂಡು ಕಾಫಿ ಕುಡಿಯುತ್ತಿದ್ದಾಗ ತನಿಯಪ್ಪನವರ ಫೋನು ಹೊಡೆದುಕೊಂಡಿತು. ಅಕ್ಕುವಿನ ಹೆಮ್ಮೆಗೆ ಮಿತಿಯಿಲ್ಲ. “ಟವರಿಂದ! ಮಕ್ಕಳು ಟವರಿಂದ ಮಾಡುವುದು!” ಯಾರೋ ಉತ್ಸಾಹಿಗಳು ಅದನ್ನು ಗೋಡೆಯಷ್ಟು ದೊಡ್ಡ ಟೀವಿಗೆ ಹಾಕಿಯೇಬಿಟ್ಟರು.

ಟೀವಿಯಲ್ಲಿ ಒಬ್ಬ ತರುಣನ ಗಾಳಿಗೆದ್ದ ಕೂದಲು, ಅದರ ಹಿಂದೆ ಆಕಾಶ.

“ಹಾಯ್ ಅಂಕಲ್! ಅದ್ವಿಕ್ ಹಿಯರ್, ನಿರೀಕ್ಷಾ ಫ್ರೆಂಡ್. ವಿ ಆರ್ ಆನ್ ದ ಟಾಪ್! ಗಂಟೆ ಎಲ್ಲಿದೆ ಅಂಕಲ್?”

ತನಿಯಪ್ಪನವರು ಕಾಫಿಯ ಲೋಟ ಕೆಳಗಿಟ್ಟರು. “ಬಲಗಡೆ.”

“ರೈಟ್ ಆಫ್ ವಾಟ್, ಅಂಕಲ್? ಇಟ್ಸ್ ದ ಸೇಮ್ ಆನ್ ಆಲ್ ಸೈಡ್ಸ್.”

“ಹಾಗಾದರೆ ಒಂದು ಸುತ್ತು ಬನ್ನಿ. ಕಾಣ್ತದೆ.”

ಏಳು ಜನರ ಗುಂಪು ಸುತ್ತು ಬಂತು. ಕಬ್ಬಿಣದ ಬಲೆ ಕಂಡಿತು, ಮೋಡ ಕಂಡಿತು, ಯಾರದೋ ಟೊಪ್ಪಿ ಕಂಡಿತು. ಗಂಟೆ ಕಾಣಲಿಲ್ಲ. ಇನ್ನೊಂದು ಸುತ್ತು. ಮತ್ತೂ ಒಂದು. ಚನ್ನಕ್ಕ ಕೂತಲ್ಲಿಂದಲೇ ಕೈ ಮುಗಿದು, “ಮೂರು ಪ್ರದಕ್ಷಿಣಿ ಆತು ನೋಡ್ರಿ. ಇನ್ನ ಗಂಟಿ ಹೊಡದು ಇಳೀರಪಾ, ಗಾಳಿ ಭಾಳ ಐತಿ,” ಎಂದರು.

“ಇಲ್ಲಿ ಗಾರ್ಡ್ ಹತ್ರ ಕೇಳಿದ್ವಿ ಅಂಕಲ್. ಅವನು ಇನ್ನೊಬ್ಬನ್ನ ಕರೆದ. ಈಗ ಐದು ಜನ ನಿಂತ್ಕೊಂಡು ನಗ್ತಾ ಇದಾರೆ. ದೇರ್ ವಾಸ್ ನೆವರ್ ಎ ಬೆಲ್, ಅಂತೆ.”

ಕ್ರೇಗಿಬರ್ನ್‌ನ ಮನೆಯಲ್ಲಿ ಕಾಫಿ ಹೀರುವ ಸದ್ದು ನಿಂತಿತು. ನಲವತ್ತು ತಲೆಗಳು ತನಿಯಪ್ಪನವರ ಕಡೆ ಒಮ್ಮೆ ತಿರುಗಿ, ಅಲ್ಲಿಂದ ಒಟ್ಟಾಗಿ ಬದರಿನಾಥರ ಕಡೆ ತಿರುಗಿದವು.

“ನೀವು ಹೋದ ವರ್ಷ ಹೊಡೆದ್ರಲ್ಲ ಸಾರ್? ಮೂರು ಸಲ?” ಎಂದರು ಬದರಿನಾಥರ ಕಂಪನಿಯವರೊಬ್ಬರು. ಗಂಟೆಯ ಸುದ್ದಿ ಆಫೀಸಿಗೂ ಮುಟ್ಟಿತ್ತು.

“ಹೊಡೆದಿದ್ವಿ… ಐ ಮೀನ್… ಈಗ ಮೇಂಟೆನೆನ್ಸ್‌ಗೆ ಬಿಚ್ಚಿರ್ಬೇಕು. ಕಂಚು ನೋಡಿ, ಪಾಲಿಶ್ ಮಾಡ್ಬೇಕಾಗತ್ತೆ—”

“ಸಾಕು ಸುಮ್ನಿರ್ರೀ!” ಎಂದರು ಅಹಲ್ಯಾ. ಒಂದು ವರ್ಷ ಕೋಸಂಬರಿಯಲ್ಲಿ ಹುಡುಕುತ್ತಿದ್ದದ್ದು ಅವರಿಗೆ ಈಗ ಸಿಕ್ಕಿತ್ತು. “ಇವ್ರು ಮೇಲೆ ಹತ್ತಲೇ ಇಲ್ಲ. ಎತ್ತರ ಅಂದ್ರೆ ತಲೆ ಸುತ್ತತ್ತೆ. ಕೆಳಗಡೆ ಐಸ್‌ಕ್ರೀಮ್ ತಿಂತಾ ಕೂತಿದ್ರು. ನಾನೊಬ್ಳೇ ಹತ್ತಿ ಗಂಟೆ ಹುಡುಕಿ ಹುಡುಕಿ ಸಾಕಾಗಿ ಇಳಿದೆ. ಸಿಗಲಿಲ್ಲ ಅಂದ್ರೆ, ತನಿಯಪ್ಪ ಅಂಕಲ್ ಹೇಳಿದ್ಮೇಲೆ ಇದ್ದೇ ಇರತ್ತೆ, ನಿಂಗೆ ನೋಡಕ್ಕೆ ಬರ್ಲಿಲ್ಲ ಅಂತ ನಂಗೇ ಬೈದ್ರು!”

ನಗೆ ಹೊಸ ಮನೆಯ ಸೂರಿಗೆ ಮುಟ್ಟಿತು. ಆ ಗದ್ದಲದಲ್ಲಿ ಅಕ್ಕು ಒಬ್ಬರು ನಗದೆ ಟೀವಿಯ ಹತ್ತಿರ ಹೋಗಿ ಮುಖಗಳನ್ನು ಎಣಿಸುತ್ತಿದ್ದರು. “ಮಗಳೆಲ್ಲಿ? ಇವರಲ್ಲಿ ನಿರೀಕ್ಷಾ ಇಲ್ಲ.”

“ನಿರೀಕ್ಷಾ ಮೇಲೆ ಬಂದಿಲ್ಲ ಆಂಟಿ,” ಎಂದ ಅದ್ವಿಕ್. “ಶಿ ಈಸ್ ವಿತ್ ದ ಬ್ಯಾಗ್ಸ್. ಅಂಕಲ್ ಬರೆದಿದ್ರಲ್ಲ, ಆ ಪಾರ್ಕಲ್ಲಿ.”

ನಗುತ್ತಿದ್ದ ಮನೆಯಲ್ಲಿ ತನಿಯಪ್ಪನವರಿಗೆ ಮಾತ್ರ ಯಾವ ಸದ್ದೂ ಕೇಳಿಸದ ಹಾಗಾಯಿತು. ಅವರೇ ಫೋನು ತೆಗೆದುಕೊಂಡು ಮಗಳಿಗೆ ಮಾಡಿದರು. ಟೀವಿಯಲ್ಲಿ ಆಕಾಶ ಹೋಗಿ ಹಸಿರು ಬಂತು. ಬೆಂಚು, ಎಂಟು ಚೀಲ, ಹಳೆಯ ಕುಕ್ಕರು, ಅದರ ಪಕ್ಕ ಕಾಲು ಮಡಿಸಿ ಕೂತ ನಿರೀಕ್ಷಾ. ಅವಳ ಲ್ಯಾಪ್‌ಟಾಪ್ ತೊಡೆಯ ಮೇಲಿತ್ತು.

“ನೀನೆಂತ ಅಲ್ಲಿ ಕೂತದ್ದು?”

“ಯಾರಾದ್ರೂ ಬ್ಯಾಗ್ ನೋಡ್ಬೇಕಲ್ಲ ಪಪ್ಪ.”

“ಸರದಿ ಮಾಡಿಲ್ವಾ?”

“ಮಾಡಿದ್ವಿ. ಆದ್ರೆ ನಾನೇ ಫುಲ್ ಡೇ ಕೂರ್ತೇನೆ ಅಂದೆ. ಅವರು ನೋಡಿ ಬರ್ಲಿ. ನೀವು ಹೇಳಿದ್ದು ಕೇಳಿ ಕೇಳಿ ನಂಗೆ ಆಲ್‌ರೆಡಿ ನೋಡಿದ ಹಾಗೇ ಆಗಿದೆ. ಲಿಫ್ಟು, ಗಂಟೆ, ಎಲ್ಲ.”

ತನಿಯಪ್ಪನವರು ಎದ್ದು ನಿಂತರು. ನಲವತ್ತು ಜನರಿದ್ದಾರೆಂಬುದು ಅವರಿಗೆ ನೆನಪಿತ್ತು. ಕಾಪುವಿನಲ್ಲಿ ಹೇಳಿದ ‘ಹ್ಞೂಂ’ ಕೇಳಿ ಮದುವೆಯಾದವಳು ಪಕ್ಕದಲ್ಲೇ ಇದ್ದಾಳೆಂಬುದೂ ನೆನಪಿತ್ತು.

“ನಿರೀಕ್ಷಾ, ನೀನು ನೋಡಿಲ್ಲ ಮಗಾ. ಯಾಕಂದ್ರೆ ನಾನು ನೋಡಿಲ್ಲ. ಆ ಟವರಿನ ಬುಡ ಸಹ ನಾನು ಕಂಡವನಲ್ಲ. ಗಂಟೆ ಇಲ್ಲ. ಹನ್ನೆರಡು ತಾಸು ನಾನು ಅದೇ ಬೆಂಚಿನಲ್ಲಿ ಸಾಮಾನು ಕಾಯ್ತಾ ಕೂತದ್ದು. ಹೇಳಿದ್ದೆಲ್ಲ ಸುಳ್ಳು. ನೀನು ಏಳು. ಈಗಲೇ ಏಳು. ಹೋಗಿ ನೋಡು.”

ಅಕ್ಕು ಗಂಡನ ಕಡೆ ನೋಡಿದ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ, ಸಂಸಾರಸ್ಥರಿಗೆ ಗೊತ್ತು.

ಟೀವಿಯಲ್ಲಿ ನಿರೀಕ್ಷಾ ತಿರುಗಿ ನಲ್ಲಿಯ ಕಡೆ ನೋಡಿದಳು. ಆಮೇಲೆ, “ಐ ಹ್ಯಾಡ್ ಎ ಡೌಟ್, ಪಪ್ಪ,” ಎಂದಳು. “ಬೆಳಿಗ್ಗೆಯಿಂದ. ಟವರಿನ ಬಗ್ಗೆ ನೀವು ಬರೆದದ್ದು ಎಲ್ಲ ಬುಕ್ಕಲ್ಲಿ ಇರೋದೇ. ಆದ್ರೆ ಈ ನಲ್ಲಿ ಎಡಕ್ಕೆ ತಿರುಗಿಸ್ಬೇಕು ಅಂತ ಯಾವ ಬುಕ್ಕಲ್ಲೂ ಇಲ್ಲ. ಬಿಸಿಲು ಈಗ ಗೋಡೆ ದಾಟ್ತಾ ಇದೆ. ಕರೆಕ್ಟ್ ಟೆನ್ ಥರ್ಟಿ.”

“ಎರಡನೇ ಬೆಂಚಿನ ಹಲಗೆ?”

“ರಿಪೇರಿ ಮಾಡಿದ್ದಾರೆ.”

“ಹಾಗಾ,” ಎಂದರು ತನಿಯಪ್ಪನವರು, ಸ್ವಲ್ಪ ನೊಂದವರ ಹಾಗೆ.

“ಹನ್ನೆರಡು ತಾಸು ಎಂತ ಮಾಡಿದ್ರಿ ಪಪ್ಪ? ಬೋರ್ ಆಗ್ಲಿಲ್ವಾ?”

“ಬೋರು ಯಾಕೆ? ಅಲ್ಲಿ ಒಬ್ಬ ಅಜ್ಜ ಹೂವಿನ ಪಾತಿ ಅಗೆಯುತ್ತಿದ್ದ. ಸೊಂಟ ನೋವು ಅವನಿಗೆ, ನಾಲ್ಕು ಸಲ ಅಗೆದು ಒಂದು ಸಲ ನಿಲ್ಲುವುದು. ನೋಡಿ ಕೂರ್ಲಿಕ್ಕೆ ಆಗ್ತದಾ? ನಾನೇ ಸನಿಕೆ ತಗೊಂಡೆ. ಊರಲ್ಲಿ ಗುಳ್ಳಕ್ಕೆ ಮಾಡುವ ಹಾಗೆ ಮಣ್ಣು ಏರಿಸಿ ಮೂರು ಸಾಲು ಮಾಡಿಕೊಟ್ಟೆ. ಅವನ ಭಾಷೆ ನನಗೆ ಬರುವುದಿಲ್ಲ, ನನ್ನದು ಅವನಿಗೆ ಬರುವುದಿಲ್ಲ. ಮಣ್ಣಿಗೆ ಎರಡೂ ಬೇಡ. ಮಧ್ಯಾಹ್ನ ಅವನು ಬ್ರೆಡ್ಡು, ಮೂಲಂಗಿ ಕೊಟ್ಟ. ನಾನು ಚಿತ್ರಾನ್ನ ಕೊಟ್ಟೆ. ಮೆಣಸು ಕಚ್ಚಿ ಅತ್ತ ಪಾಪ, ಆದರೂ ಎರಡನೇ ಸಲ ಕೈ ಒಡ್ಡಿದ.” ಅವರು ಟೀವಿಯ ಹತ್ತಿರಕ್ಕೆ ಬಂದರು. “ಬೆಂಚಿನ ಎಡಗಡೆಗೆ ಸ್ವಲ್ಪ ತಿರುಗಿಸು ನೋಡುವ. ನಲ್ಲಿಯ ಹಿಂದೆ.”

ಚಿತ್ರ ತಿರುಗಿತು. ನಲ್ಲಿಯ ಹಿಂದೆ ಒಂದು ಮರ. ದೊಡ್ಡದು. ಎರಡು ಕೈಗಳಲ್ಲಿ ತಬ್ಬಿದರೂ ಬೆರಳು ಕೂಡಲಾರದಷ್ಟು.

“ಬುಡದಲ್ಲಿ ನೋಡು. ಸೊಂಟದ ಎತ್ತರಕ್ಕೆ ಒಂದು ಪಟ್ಟಿಯ ಹಾಗೆ ಗುರುತು ಉಂಟಾ?”

ನಿರೀಕ್ಷಾ ಲ್ಯಾಪ್‌ಟಾಪ್ ಎತ್ತಿಕೊಂಡು ಹೋದಳು. “ಉಂಟು! ಲೈಕ್ ಎ ಬೆಲ್ಟ್. ಏನದು?”

“ಕುಕ್ಕರಿನ ಹಗ್ಗ. ಅಜ್ಜ ತಂದಿಟ್ಟಿದ್ದ ಗಿಡವನ್ನೂ ನಾನೇ ನೆಟ್ಟದ್ದು. ಗಾಳಿಗೆ ಬೀಳಬಾರದು ಅಂತ ಕೋಲಿಗೆ ಕಟ್ಟಿದ್ದೆ. ಗಂಟು ಬಿಗಿ ಆಯ್ತು. ಬಿಚ್ಚಲಿಕ್ಕೆ ಯಾರಿಗೂ ನೆನಪಾಗಲಿಲ್ಲ ಕಾಣ್ತದೆ,” ಎಂದರು ತನಿಯಪ್ಪನವರು. “ಪಾಪ ಮರ.”

ಆಗ ಹಿಂದಿನಿಂದ ವಿರುಪಾಕ್ಷನ ದನಿ ಬಂತು. ರೇಷ್ಮೆ ಪಂಚೆ ಎತ್ತಿ ಕಟ್ಟಿಕೊಂಡು ಅವನು ಜನರನ್ನು ದಾಟಿ ಮುಂದೆ ಬಂದ.

“ಲೇ ತನ್ಯಾ, ಸುಳ್ಳು ನಿಂದಲ್ಲೋ. ನಮ್ದು.”

“ಎಂತ?”

“ನಾವೂ ಏನೂ ನೋಡಿಲ್ಲ. ಹಿಂದಿನ ರಾತ್ರಿ ಬಸ್ಸಿನಾಗ ಬೆಳತನಕ ಇಸ್ಪೀಟ್ ಆಡಿದ್ವಿ, ನೆನಪೈತಿಲ್ಲ? ಟವರಿಗೆ ಹೋಗಾಕ ನೆಲದಾಗಿನ ರೈಲು ಹತ್ತಿದ್ವಿ. ಕುಂತ್ವಿ. ನಿದ್ದಿ ಹತ್ತಿತು. ಏಳೂ ಮಂದಿಗೆ! ರೈಲು ಈ ತುದಿಯಿಂದ ಆ ತುದಿಗೆ ಹೋಗತೈತಿ, ಹೊಳ್ಳಿ ಬರತೈತಿ, ಮತ್ತ ಹೋಗತೈತಿ. ಕಣ್ಣು ಬಿಟ್ಟಾಗ ಸಂಜಿ ಆರು.”

“ಪ್ಯಾರಿಸ್ಸನ್ನ ಕೆಳಗಡೆಯಿಂದ ಒಂಬತ್ತು ಸಲ ದಾಟಿದ್ವಿ ಕಣಯ್ಯ,” ಎಂದ ಗುರುದತ್ತ, ತಲೆ ತಗ್ಗಿಸಿ. “ಕನ್ನಡಕ ಹಾಕ್ಕೊಂಡೇ ಮಲಗಿದ್ದೆ.”

“ನಿನ್ನ ದಿನಾ ಇಡೀ ಸಾಮಾನು ಕಾಯಾಕ ಕುಂಡ್ರಿಸಿ, ಮಲಗಿ ಬಂದ್ವಿ ಅಂತ ಯಾವ ಬಾಯಿಲೆ ಹೇಳೂದು? ಅದಕ ಟವರು ಅಂದ್ವಿ. ನೀ ಬಾಯಿ ತಕ್ಕೊಂಡು ಕೇಳಿದಿ. ಹಂಗ ಗಂಟಿನೂ ಕಟ್ಟಿದ್ವಿ.”

ತನಿಯಪ್ಪನವರು ಕೇಳಿದ್ದು ಒಂದೇ ಪ್ರಶ್ನೆ. “ಹಾಗಾದರೆ ಆ ಚಿತ್ರಾನ್ನ…?”

“ಮುಂಜಾನಿಂದ ಹೊಟ್ಟಿಗೆ ಒಂದು ಹನಿ ನೀರು ಬಿದ್ದಿದ್ದಿಲ್ಲ.”

“ಅಯ್ಯೋ,” ಎಂದರು ತನಿಯಪ್ಪನವರು. “ಗೊತ್ತಿದ್ದರೆ ಆ ಅಜ್ಜನಿಗೆ ಎರಡನೇ ಸಲ ಬಡಿಸುತ್ತಿರಲಿಲ್ಲ.”

ಚನ್ನಕ್ಕ ಮಗನ ಕಡೆ ತಿರುಗಿ, “ಮಲಗಾಕ ಅಷ್ಟು ದೂರ ಹೋಗಿದ್ದಿ? ನಮ್ಮ ಕಟ್ಟಿ ಮ್ಯಾಲೆ ಜಾಗ ಇದ್ದಿಲ್ಲನ?” ಎಂದದ್ದಕ್ಕೆ ಸಭೆ ಇನ್ನೊಮ್ಮೆ ಬಿದ್ದು ಬಿದ್ದು ನಕ್ಕಿತು. ಈ ಸಲ ಅಕ್ಕುವೂ ನಕ್ಕರು. ನಕ್ಕು, ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನಿಗೆ ಮಾತ್ರ ಕೇಳುವ ಹಾಗೆ, “ಮರ ನೆಟ್ಟದ್ದು ಅಂತ ಆವತ್ತೇ ಹೇಳಿದ್ದರೂ ನಾನು ಒಪ್ಪುತ್ತಿದ್ದೆ,” ಎಂದರು.

“ಪಪ್ಪ,” ಎಂದಳು ನಿರೀಕ್ಷಾ, “ಹೋಗ್ಬೇಕು ಅಂತ ನಂಗೂ ಆಗ್ತಾ ಇದೆ ಈಗ. ಬಟ್ ಬ್ಯಾಗ್ಸ್? ಅವರು ಬರುವಾಗ ಮೂರಾಗ್ತದೆ.”

ತನಿಯಪ್ಪನವರು ಹೆಚ್ಚು ಯೋಚಿಸಲಿಲ್ಲ. ಕೆಲವು ಕೆಲಸಗಳಿಗೆ ಅನುಭವವಿರುವವರು ಯೋಚಿಸುವುದಿಲ್ಲ.

“ಲ್ಯಾಪ್‌ಟಾಪನ್ನು ಕುಕ್ಕರಿಗೆ ಒರಗಿಸಿ ಇಡು. ಚೀಲಗಳು ಕಾಣುವ ಹಾಗೆ. ನಾನು ನೋಡ್ಕೊಳ್ತೇನೆ.”

“ಮೆಲ್ಬರ್ನಿಂದ?”

“ಮತ್ತೆ? ನನಗೆ ಗೊತ್ತಿರುವ ಬೆಂಚೇ ಅಲ್ವಾ?”

ನಿರ್ವಾಹವಿಲ್ಲದೆ ನಿರೀಕ್ಷಾ ಅಲ್ಲೇ ಪಾತಿಗೆ ನೀರು ಬಿಡುತ್ತಿದ್ದ ಪಾರ್ಕಿನ ಹೆಂಗಸೊಬ್ಬಳನ್ನು ಕರೆದು, ಕೈಸನ್ನೆ ಬಾಯಿಸನ್ನೆ ಮಾಡಿ ವಿಷಯ ತಿಳಿಸಿದಳು. ಆಕೆ ಮರವನ್ನೊಮ್ಮೆ ನೋಡಿದಳು, ಬಗ್ಗಿ ಲ್ಯಾಪ್‌ಟಾಪಿನೊಳಗಿದ್ದ ತನಿಯಪ್ಪನವರನ್ನೊಮ್ಮೆ ನೋಡಿದಳು. ನಾನಿಲ್ಲೇ ಇರುತ್ತೇನೆ, ಹೋಗು ಎಂಬಂತೆ ನಗುತ್ತಾ ಪೈಪು ಅಲ್ಲಾಡಿಸಿದಳು. ನಿರೀಕ್ಷಾ ಫೋನು ಹಿಡಿದುಕೊಂಡು ಓಡಿದಳು. ಗೇಟಿನ ಹತ್ತಿರ ಒಮ್ಮೆ ತಿರುಗಿ ಕೈ ಬೀಸಿದ್ದು ಟೀವಿಯ ಮೂಲೆಯಲ್ಲಿ ಸಣ್ಣದಾಗಿ ಕಂಡಿತು.

ಆಮೇಲೆ ಆ ಗೋಡೆಯಗಲದ ಟೀವಿಯಲ್ಲಿ ಎಂಟು ಚೀಲಗಳ ಹೊರತು ಬೇರೆ ಏನೂ ಇರಲಿಲ್ಲ. ಊಟಕ್ಕೆ ಎಲೆ ಹಾಕಿದರು. ಜನ ಹೋಳಿಗೆಯ ಕಡೆ ನಡೆದರು. ಬದರಿನಾಥರು ಯಾರ ಕಣ್ಣಿಗೂ ಬೀಳದ ಮೂಲೆ ಹುಡುಕಿದರು. ತನಿಯಪ್ಪನವರು ಮಾತ್ರ ಸೋಫಾದ ತುದಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದರು. ಪಾರಿವಾಳವೊಂದು ಕುಕ್ಕರಿನ ಕಡೆ ಹೆಜ್ಜೆ ಹಾಕಿದಾಗ “ಹೇಶ್!” ಎಂದು ಕೂಗಿದರು. ಹದಿನಾರು ಸಾವಿರ ಕಿಲೋಮೀಟರು ದೂರದಲ್ಲಿ ಅದು ಹಾರಿಹೋಯಿತು. ಪಾತಿಯ ಕೊನೆಯಲ್ಲಿ ನೀರು ನಿಂತದ್ದು ಕಂಡು, ಪೈಪು ಹಿಡಿದವಳಿಗೆ ಬದುವನ್ನು ಸ್ವಲ್ಪ ಕಡಿದು ಬಿಡಲು ತುಳುವಿನಲ್ಲಿ ಹೇಳಿದರು. ಆಕೆ ಕಾಲಿನಿಂದ ಮಣ್ಣು ಸರಿಸಿದಳು. ಮರದ ನೆರಳು ನಿಧಾನವಾಗಿ ಬೆಂಚಿನ ಮೇಲೆ ಏರುತ್ತಿತ್ತು. ಆಗ ಗೋಡೆಯ ನೆರಳಿತ್ತು, ಈಗ ಮರದ್ದೂ ಸೇರಿದೆ ಎಂದು ಅವರು ಮನಸ್ಸಿನಲ್ಲೇ ಪ್ಲಾನಿನ ನಾಲ್ಕನೇ ಪುಟ ತಿದ್ದಿಕೊಂಡರು.

ಗೋಡೆ ಗಡಿಯಾರ ಏಳು ತೋರಿಸುವಾಗ ಪಕ್ಕದಲ್ಲಿ ಯಾರೋ ಬಂದು ನಿಂತರು. ವಿರುಪಾಕ್ಷ. ಕೈ ತೊಳೆದುಕೊಂಡು ಬಂದಿದ್ದ, ಆದರೆ ಊಟ ಮಾಡಿರಲಿಲ್ಲ.

“ಏಳಪಾ,” ಎಂದ. “ಹೋಗಿ ಉಣ್ಣು.”

“ಚೀಲ?”

ವಿರುಪಾಕ್ಷ ಟೀವಿಯ ಕಡೆಗೊಮ್ಮೆ, ಗಡಿಯಾರದ ಕಡೆಗೊಮ್ಮೆ ನೋಡಿ, ಪಂಚೆ ಸರಿಮಾಡಿಕೊಂಡು ಪಕ್ಕದಲ್ಲಿ ಕೂತ.

“ಅಲ್ಲಿ ಹನ್ನೊಂದು ಆತು. ಈಗ ನನ್ನ ಪಾಳಿ.”